ರಜೆಯ ದಿನದ ಸೀನು

ಮೆಣಸಿನಪುಡಿ ಗಿರಣಿಯಲ್ಲಿ ಯಾರಾದರೂ ಸೀನಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಡಬ್ಬಿ ಹಿಡಿದು ಬಂದವರು ಸರದಿ ಬರುವ ಮುಂಚೆಯೇ ಸೀನತೊಡಗುತ್ತಾರೆ. ಗಿರಣಿ ಅಕ್ಕ ಮಾತ್ರ ಮೂಗಿಗೆ ಬಟ್ಟೆ ಬಿಗಿದು, ದಂಡೆತ್ತಿ ಹೊರಟ ಸೇನಾಪತಿಯಂತೆ ಯಂತ್ರದ ಸ್ವಿಚ್ಚು ಒತ್ತುತ್ತಾಳೆ.

ಇಲಿಗಳ ಮೇಲೆ ಕಣ್ಣಿಡಲು ಚೀಲಗಳ ಮೇಲೆ ಕೂರುವ ಬೆಕ್ಕಿಗೆ ಇನ್ಸ್‌ಪೆಕ್ಟರ್ ಎಂದು ಹೆಸರು. ಒಂದು ವಾರ ಇನ್ಸ್‌ಪೆಕ್ಟರ್ ತುಸು ಹೆಚ್ಚೇ ಸೀನಿದ. ಖಾರದ ಘಾಟು ಎಂದುಕೊಂಡು ಅಕ್ಕ ಸುಮ್ಮನಿದ್ದಳು.

ಅವಳ ಕಿವಿ ನೆಟ್ಟಗಾದದ್ದು ವಾರದ ರಜೆಯಂದು. ಯಂತ್ರ ನಿಂತಿತ್ತು, ನೆಲ ತೊಳೆದಾಗಿತ್ತು, ಘಾಟಿನ ಸುಳಿವಿರಲಿಲ್ಲ. ಆದರೂ ಮೂಲೆಯಿಂದ ಒಂದರ ಮೇಲೊಂದು ಸೀನು!

"ಇವತ್ತು ಯಾಕೋ ಸೀನ್ತೀಯ?" ಅಕ್ಕ ಓಡಿದಳು. ಮೂಗಲ್ಲಿ ಹಳದಿ ಸಿಂಬಳ, ಕಣ್ಣಲ್ಲಿ ನೀರು. ತಟ್ಟೆಯಲ್ಲಿ ಬೆಳಗಿನ ಮೀನು ಹಾಗೇ ಇತ್ತು. ಮೀನನ್ನು ಬಿಟ್ಟ ಇನ್ಸ್‌ಪೆಕ್ಟರ್!

ಅಕ್ಕನ ಗಂಡ ಜೇಬು ತಡಕಿದ. "ನನ್ನ ನೆಗಡಿ ಮಾತ್ರೆ ಇದೆ, ಅರ್ಧ ಹಾಕೋಣ್ವಾ?"

"ಅವನೇನು ನಿಮ್ಮ ತಮ್ಮನಾ? ಸುಮ್ನೆ ಗಾಡಿ ತೆಗೀರಿ!"

ಬಟ್ಟೆ ಬುಟ್ಟಿಯೇ ಪಲ್ಲಕ್ಕಿಯಾಯಿತು.

ಪಶುವೈದ್ಯೆ ಮೂಗು, ಬಾಯಿ, ಎದೆ ಎಲ್ಲ ನೋಡಿದರು. "ಧೂಳಿಗೆ ಒಂದೆರಡು ಸಲ ಸೀನಿ ಸುಮ್ಮನಾದ್ರೆ ಚಿಂತೆಯಿಲ್ಲಮ್ಮ. ಬಿಡದೆ ಸೀನಿದ್ರೆ, ಸಿಂಬಳ ಹಳದಿಯಾದ್ರೆ, ರಕ್ತ ಕಂಡ್ರೆ, ಊಟ ಬಿಟ್ರೆ ಕರ್ಕೊಂಡು ಬನ್ನಿ. ಬಾಯಿ ತೆರೆದು ಉಸಿರಾಡಿದ್ರಂತೂ ಒಂದು ಗಳಿಗೆನೂ ಕಾಯ್ಬೇಡಿ. ಇವನಿಗೆ ಬೆಕ್ಕಿನ ನೆಗಡಿ. ಮೂಗು ಕಟ್ಟಿ ವಾಸನೆ ಗೊತ್ತಾಗ್ತಿಲ್ಲ, ಅದಕ್ಕೇ ಮೀನು ಬೇಡ. ತಿನ್ನದೆ ಇದ್ರೆ ಬೆಕ್ಕು ಬೇಗ ಕುಸಿದುಹೋಗುತ್ತೆ."

ಮಾತ್ರೆಯ ಸುದ್ದಿ ಕೇಳಿ ಅವರು ಮೇಜು ಕುಟ್ಟಿದರು. "ಮನುಷ್ಯರ ಮಾತ್ರೆ ಇವನ ಪ್ರಾಣ ತೆಗೆದೀತು!"

ಗಂಡ ಜೇಬು ಮುಚ್ಚಿಕೊಂಡ.

ಔಷಧಿ ಹೊಟ್ಟೆಗಿಳಿಯಿತು. ಇನ್ಸ್‌ಪೆಕ್ಟರನ ಹಾಸಿಗೆ ಗಿರಣಿಯಿಂದ ಮನೆಯೊಳಕ್ಕೆ ವರ್ಗವಾಯಿತು. ಅಕ್ಕ ಒದ್ದೆ ಬಟ್ಟೆಯಲ್ಲಿ ಅವನ ಮೂಗು ಒರೆಸಿ, ಘಮ್ಮೆನ್ನುವಂತೆ ಬೆಚ್ಚಗೆ ಮಾಡಿದ ಮೀನನ್ನು ಮುಂದಿಟ್ಟು ಉಸಿರು ಹಿಡಿದು ಕೂತಳು. ಅವನು ಮುಖ ತಿರುವಿದ. ಸಂಜೆ ಮತ್ತೆ ಇಟ್ಟಳು. ಮೂಗು ಅಲುಗಿತು. ನಾಲಿಗೆ ಹೊರಬಂತು. ತುಂಡು ಮಾಯ!

"ತಿಂದ! ರೀ, ತಿಂದುಬಿಟ್ಟ!"

ಪಕ್ಕದ ಮನೆಯ ಕಿಟಕಿ ದಢಾರನೆ ತೆರೆಯಿತು. "ಅಯ್ಯೋ, ಯಾರು ಯಾರನ್ನ ತಿಂದ್ರು?"

ಈಗ ಇನ್ಸ್‌ಪೆಕ್ಟರನ ಪಹರೆ ಗಿರಣಿಯ ಹೊರಬಾಗಿಲಲ್ಲಿ. ಅವನು ಸೀನಿದರೆ ಯಂತ್ರವೇ ನಿಲ್ಲುತ್ತದೆ. ಎರಡನೆಯ ಸೀನು ಬಂದೀತೇ ಎಂದು ಇಡೀ ಸಾಲು ಕಾಯಬೇಕು. ಮೊನ್ನೆ ಸಾಲಿನಲ್ಲಿ ನಿಂತಿದ್ದ ದರ್ಜಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಆಗ್ಲಿಂದ ನಾನೂ ಸೀನ್ತಾ ಇದೀನಿ. ನನ್ನನ್ನ ಯಾರು ವಿಚಾರಿಸ್ತಾರೆ?"

"ನೀನು ಊಟ ಬಿಟ್ಟ ದಿನ ಹೇಳಪ್ಪ, ಬುಟ್ಟಿ ತರ್ತೀನಿ," ಎಂದು ಅಕ್ಕ ಸ್ವಿಚ್ಚು ಒತ್ತಿದಳು.