ಭೂಮಿಯ ಬಯಕೆ, ಬ್ಯಾಂಕಿನ ವ್ರತ

ನೀರುಗಂಟಿ ಗುತ್ಯಪ್ಪನಿಗೆ ಅರವತ್ತೊಂದು ವರ್ಷ. ಸೊರಬ ಸೀಮೆಯ ಆ ಊರಿನಲ್ಲಿ ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಮೂವತ್ತು ವರ್ಷದಲ್ಲಿ ಯಾರಿಗೂ ಸರದಿ ತಪ್ಪಿಸಿ ನೀರು ಬಿಟ್ಟವನಲ್ಲ. ಸ್ವಂತ ಮಾವನೇ ಒಮ್ಮೆ ಕೇಳಿ ಇಲ್ಲವೆನ್ನಿಸಿಕೊಂಡ. ಅವತ್ತಿನಿಂದ ಮಾವನ ಮನೆಗೆ ಹಬ್ಬಕ್ಕೆ ಹೋದರೂ ಗುತ್ಯಪ್ಪನ ಎಲೆಗೆ ಬೀಳುವುದು ಬರೀ ತಿಳಿಸಾರು. ಅದನ್ನೂ ಅವನು ಹೆಮ್ಮೆಯಿಂದಲೇ ಸುರಿದುಕೊಳ್ಳುತ್ತಾನೆ.

ಇಂಥವನ ಹೆಸರಿಗೆ ಕುತ್ತು ತಂದದ್ದು ಏಳು ಸಮುದ್ರದಾಚೆಯ ಒಂದು ಅಭಿವೃದ್ಧಿ ಬ್ಯಾಂಕು. ದೇಶದೇಶಗಳ ರಸ್ತೆಗೂ ಕರೆಂಟಿಗೂ ಸಾಲ ಕೊಡುವ ಬ್ಯಾಂಕು ಅದು. ಭೂಮಿಯನ್ನು ಬಿಸಿ ಮಾಡುವ ಅನಿಲವನ್ನು ಇಂತಿಷ್ಟು ವರ್ಷದೊಳಗೆ ಅರ್ಧಕ್ಕರ್ಧ ಇಳಿಸುತ್ತೇನೆಂದು ಲೋಕದೆದುರು ಮಾತು ಕೊಟ್ಟಿತ್ತು. ಹಾಗೆಂದು ದೊಡ್ಡವರು ವಿಮಾನ ಹತ್ತುವುದನ್ನು ಬಿಡಲಾದೀತೇ? ವ್ರತದ ಮೊದಲ ಉಪವಾಸ ಸೊರಬದ ಭತ್ತದ ಗದ್ದೆಯ ಪಾಲಿಗೆ ಬಂತು. ನೀರು ನಿಂತ ಗದ್ದೆಯ ಕೆಸರಿನಿಂದ ಮೀಥೇನ್ ಎಂಬ ಅಂಥ ಅನಿಲ ಏಳುತ್ತದಂತೆ, ಆಗಾಗ ಒಣಗಿಸಿದರೆ ಕಮ್ಮಿಯಾಗುತ್ತದಂತೆ. ಇದನ್ನು ಹೇಳಲು ಎಂಟು ಜನ ಮೂರು ಕಾರಿನಲ್ಲಿ ಬಂದರು. ಗುಡವಿಯ ಪಕ್ಷಿಧಾಮದಲ್ಲಿ ಹಕ್ಕಿ ನೋಡಿ, ಊಟ ಮುಗಿಸಿ, ಕಾರಿನ ಎಸಿ ಆರಿಸದೆಯೇ ಇಳಿದು, ತೂಬು ಯಾವ್ಯಾವ ದಿನ ಮುಚ್ಚಿರಬೇಕೆಂಬ ಪಟ್ಟಿಯನ್ನು ಮುಂದೆ ಹಿಡಿದರು. ಗುತ್ಯಪ್ಪ ಊರವರೆದುರು ಒಪ್ಪಿ ರುಜು ಹಾಕಿದ.

ಗಾಳಿ ಅಳೆಯಲು ಬಂಗಾರಮ್ಮ ಎಂಬ ಮುದುಕಿಯ ಗದ್ದೆಯನ್ನು ಆರಿಸಿ, ಪೈರಿನ ಬುಡಕ್ಕೆ ಒಂದು ಪ್ಲಾಸ್ಟಿಕ್ ಚೌಕಟ್ಟು ಊರಿದರು. ಆಗಾಗ ಯೋಜನೆಯ ಅಧಿಕಾರಿ ಯತೀಶ ಶಿಕಾರಿಪುರದಿಂದ ಬಂದು, ಅದರ ಮೇಲೆ ಡಬ್ಬಿ ಮುಚ್ಚಿ, ಸಿರಿಂಜಿನಲ್ಲಿ ಒಳಗಿನ ಗಾಳಿ ಎಳೆದುಕೊಂಡು ಹೋಗುತ್ತಿದ್ದ.

ಎರಡು ಸಲ ಎಲ್ಲ ಪಟ್ಟಿಯಂತೆ ನಡೆಯಿತು. ಮೂರನೆಯ ಸಲ ತೂಬು ಮುಚ್ಚುವ ವಾರ ಬಂದದ್ದು ಭೂಮಿ ಹುಣ್ಣಿಮೆಗೆ. ಪೈರು ಹೊಡೆ ತುಂಬಿ ನಿಲ್ಲುವ ಹೊತ್ತು, ಭೂಮಿತಾಯಿ ಬಸುರಿ. ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತು ಹೋಗಿ ಗದ್ದೆಗೆ ಬೀರಿ ಅವಳ ಬಯಕೆ ತೀರಿಸಬೇಕು. ಬಿರಿಯತೊಡಗಿದ ಗದ್ದೆ ನೋಡಿ ಗುತ್ಯಪ್ಪನಿಗೆ ಅನ್ನ ಸೇರಲಿಲ್ಲ. ಬಸುರಿಗೆ ಉಣ್ಣಲು ಕೊಟ್ಟು ಕುಡಿಯಲು ನೀರಿಲ್ಲ ಎನ್ನುವುದು ಯಾವ ಸೀಮೆಯ ನ್ಯಾಯ?

ಹಬ್ಬದ ಹಿಂದಿನ ಮಧ್ಯಾಹ್ನ, ಊರೆಲ್ಲ ಅಡುಗೆಯ ಗಡಿಬಿಡಿಯಲ್ಲಿದ್ದಾಗ, ಅವನು ತೂಬನ್ನು ನಾಲ್ಕು ಬೆರಳು ಎತ್ತಿದ. ಸಂಜೆಗೆ ಮತ್ತೆ ಮುಚ್ಚಿದ. ಬಯಕೆ ಹಾಕಲು ಬಂದವರು ಗದ್ದೆಯಲ್ಲಿ ನೀರು ಕಂಡು ಕೇಳಿದಾಗ, ಏಡಿ ತೂಬಿನ ಬುಡ ಕೊರೆದು ಕೆರೆನೀರು ಸೋರಿದೆ ಎಂದ. ಪಾಪದ ಏಡಿ. ಗುತ್ಯಪ್ಪನ ಮಾತೆಂದು ಎಲ್ಲರೂ ನಂಬಿದರು.

ನಾಲ್ಕು ದಿನ ಬಿಟ್ಟು ಯತೀಶ ಬಂದಾಗ ನೀರು ಇಂಗಿತ್ತು. ಗಾಳಿ ಎಳೆದುಕೊಂಡು ಹೋದವನು ಮುಂದಿನ ವಾರ ಪರೀಕ್ಷೆಯ ಕಾಗದ ಹಿಡಿದು ಮರಳಿದ. ಬಂಗಾರಮ್ಮನ ಗದ್ದೆಯ ಬಳಿ ಜನ ಸೇರಿದರು.

"ಗುತ್ಯಪ್ಪೋರೆ, ಗ್ಯಾಸು ಹೋದ ಸಲಕ್ಕಿಂತ ಆರು ಪಟ್ಟು ಐತಿ. ತೂಬೇನಾದ್ರೂ ತೆಗೆದಿದ್ರೇನ್ರಿ?"

ಊರವರು ರೇಗಿದರು. ಗುತ್ಯಪ್ಪನನ್ನು ಹಾಗೆ ಕೇಳುವುದೇ? ಅಷ್ಟರಲ್ಲಿ ಬಂಗಾರಮ್ಮ ಮುಂದೆ ಬಂದಳು.

"ಅವ್ನನ್ನ ಎಂತಕ್ಕೆ ಕೇಳ್ತೀರಿ? ಆ ಚೌಕಟ್ಟಿನೊಳಗೆ ಕೆಸರಲ್ಲಿ ಹೂತು ಬಯಕೆ ಹಾಕಿದ್ದು ನಾನು. ಕಡುಬು, ಮೊಸರನ್ನ, ಸೊಪ್ಪಿನ ಪಲ್ಯ."

"ಅದರೊಳಗ್ಯಾಕೆ ಹಾಕಿದ್ರಿ ಅಮ್ಮಾ?"

"ಅದರೊಳಗಿರೋದೂ ನಮ್ ಭೂಮಿನೇ ಅಲ್ದನ? ಸುತ್ತ ಪ್ಲಾಸ್ಟಿಕ್ ಊರಿದ್ರೆ ಹಸಿವಾಗೂದಿಲ್ವ? ಪಾಪ, ಕಟ್ಟಿಹಾಕ್ಯಾರೆ ಅಂತ ಎರಡು ಕಡುಬು ಹೆಚ್ಚಿಗೇ ಇಟ್ಟೆ."

ಯತೀಶ ನಗು ತಡೆಯಲಾರದೆ ಹಣೆ ಚಚ್ಚಿಕೊಂಡ. "ಎಲ್ಲಾ ಕೊಳೆತು ಗ್ಯಾಸಾಗೈತಿ. ಈ ಲೆಕ್ಕ ಹೊಡೆದು ಹಾಕ್ತೀನಿ. ನಿಮ್ದೇನೂ ತಪ್ಪಿಲ್ರಿ ಗುತ್ಯಪ್ಪೋರೆ."

ಬಚಾವಾದ. ಮನೆಗೆ ಹೋಗಿ ಬೆಚ್ಚಗೆ ಎಲೆಯಡಿಕೆ ಹಾಕಿಕೊಳ್ಳಬಹುದಿತ್ತು. ಆದರೆ ಊರವರು ನಾವು ಹೇಳಲಿಲ್ಲವೇ ಎಂಬಂತೆ ಅವನನ್ನು ನೋಡುತ್ತಿದ್ದರು. ಆ ನೋಟ ಅವನಿಗೆ ತಡೆಯಲಾಗಲಿಲ್ಲ.

"ಕಡುಬು ಬಂಗಾರಕ್ಕಂದು. ನೀರು ನಂದು," ಎಂದ. "ಏಡಿ ಅಂದಿದ್ದು ಸುಳ್ಳು."

ಹೆಗಲ ಮೇಲಿದ್ದ, ತೂಬು ತಿರುಗಿಸುವ ಕಬ್ಬಿಣದ ಹಿಡಿಕೆಯನ್ನು ಬದುವಿನ ಮೇಲಿಟ್ಟ. "ಇದನ್ನ ಬೇರೆ ಯಾರಿಗಾದ್ರೂ ಕೊಡಿ."

ಯಾರೂ ಮುಟ್ಟಲಿಲ್ಲ. ಯತೀಶ ಪೆನ್ನು ಹಿಡಿದು ಪೇಚಾಡಿದ. "ಈಗ ನಾ ಬ್ಯಾಂಕಿಗೆ ಏನಂತ ಬರೀಲ್ರಿ?"

"ಬಸುರಿ ಇದ್ಲು, ನೀರು ಕೇಳಿದ್ಲು ಅಂತ ಬರೀರಿ," ಎಂದಳು ಬಂಗಾರಮ್ಮ. ಬಗ್ಗಿ ಹಿಡಿಕೆಯನ್ನು ಎತ್ತಿ, ಸೆರಗಿನಲ್ಲಿ ಕೆಸರು ಒರೆಸಿ ಗುತ್ಯಪ್ಪನ ಮುಂದೆ ಹಿಡಿದಳು.

"ತಗ. ನಾಳೆ ನನ್ ಗದ್ದೆ ಸರದಿ. ಒಂದು ಗಳಿಗೆ ಹೆಚ್ಚಿಗೆ ಬಿಟ್ರೂ ಸುಮ್ನಿರೂದಿಲ್ಲ."

ಗುತ್ಯಪ್ಪ ತಲೆ ಎತ್ತದೆಯೇ ಕೈ ಚಾಚಿದ.