ಮಾನ್ವಿಯ ವೇಗ

ರಾಯಚೂರಿನ ಹತ್ತಿರದ ಮಾನ್ವಿ ಊರಿಗೆ ಕ್ಯಾಸೆಟ್ಟು ಇನ್ನೂ ಬಂದಿರಲಿಲ್ಲ. ಔಷಧ ಕಂಪನಿಯ ಬ್ಯಾಗು ಹೊತ್ತು ಮದುವೆ ಹಂದರವೊಂದನ್ನು ದಾಟುತ್ತಿದ್ದೆ. ಮೈಕ್‌ಸೆಟ್ಟಿನಲ್ಲಿ ಇಂಗ್ಲಿಷ್ ಗಿಟಾರು! ನಾನು ಜೀವ ಬಿಡುವ ರಾಕ್ ತಂಡದ ಮೊದಮೊದಲ ಪುಟ್ಟ ರಿಕಾರ್ಡು, ಅದೂ ಯಾರೂ ಕೇಳದ ಹಿಂಬದಿಯ ಹಾಡು. ಸ್ವಲ್ಪ ಎಳೆದಂತಿತ್ತು, ಆದರೂ ಅದೇ. ಓಡಿದೆ.

‘ಮುಂದಿನ ಬಾಜೂಕಿಂತ ಇದಾ ಛಲೋ ಅಲ್ಲೇನ್ರಿ?’ ಎಂದೆ ಮೈಕ್‌ಸೆಟ್ಟಿನವನಿಗೆ.

ಅವನು ಕುಣಿದೇಬಿಟ್ಟ. ‘ಯಪ್ಪಾ, ನನ್ನಂಗ ಅನ್ನೋರು ಒಬ್ಬರರ ಸಿಕ್ಕರು! ಮಗಳನ್ನ ಗಂಡನ ಮನಿಗೆ ಕಳಸೋವಾಗ ಇದನ್ನ ಹಾಕೋದ್ರಿ. ಎಂಥಾ ಅಳೋ ಹಾಡು!’

‘ಅಳೋದಾ? ಕುಣಿಯೋ ಹಾಡ್ರೀ ಇದು!’

ಜಗಳಕ್ಕೇ ನಿಂತೆವು. ಆಮೇಲೆ ನೋಡಿದರೆ ಅವನ ಯಂತ್ರದ ವೇಗದ ಗುಂಡಿ ದೊಡ್ಡ ರಿಕಾರ್ಡಿನ ಮೂವತ್ಮೂರು ಸುತ್ತಿನಲ್ಲಿತ್ತು. ಪುಟ್ಟದಕ್ಕೆ ನಲವತ್ತೈದು ಬೇಕು. ತಿರುಗಿಸಿದೆ. ಹಾಡು ಜಿಗಿಯಿತು, ನಾನೂ ಜಿಗಿದೆ.

ಮದುಮಗಳ ತಾಯಿ ಕಣ್ಣೊರೆಸಿಕೊಳ್ಳುತ್ತ ಹಂದರದಿಂದ ಬಂದಳು. ‘ಯಾರ್ರೀ ಹಾಡು ಕೆಡಿಸಿದೋರು? ಹಿರೇ ಮಗಳನ್ನ ಕಳಸೋವಾಗೂ ಇದಾ ಇತ್ತು. ಮೊದಲಿನಂಗ ಮಾಡ್ರಿ!’

ಗುಂಡಿಯನ್ನು ನಾನೇ ಹಿಂದಕ್ಕೆ ತಿರುಗಿಸಿದೆ.

ರಾಯಚೂರಿನ ಗೆಳೆಯರು ಮನೆಗೆ ಬಂದರೆ ಈಗಲೂ ನನ್ನ ಬಳಿಯಿರುವ ಆ ರಿಕಾರ್ಡನ್ನು ನಲವತ್ತೈದರಲ್ಲೇ ಹಾಕುತ್ತೇನೆ. ಒಬ್ಬನೇ ಇದ್ದಾಗ ಮಾತ್ರ ಮಾನ್ವಿಯ ವೇಗದಲ್ಲಿ.