ಶೂಚಿನ್ ಸಾಕಿದ ನಶ್ಯದ ಬುಡ್ಡಿ

ಬೆಳಕು ಹರಿಯುವ ಮುಂಚೆ ಬಾಯ್ ಶೂಚಿನ್ ಒಲೆಯ ಬೂದಿ ತೆಗೆದು ಹೊಸ ಕಲ್ಲಿದ್ದಲ ಬಿಲ್ಲೆ ಇಡುತ್ತಾಳೆ. ಅತ್ತೆಯ ಉಚ್ಚೆಪಾತ್ರೆಯನ್ನು ಓಣಿಯ ಕೊನೆಯ ಪಾಯಿಖಾನೆಗೆ ಸುರಿದು ಅಂಗಳದ ನಲ್ಲಿಯಲ್ಲಿ ತೊಳೆಯುತ್ತಾಳೆ. ಆಮೇಲೆ ಸೋಯಾ ಹಾಲಿಗೆ ಸಾಲು ನಿಲ್ಲುತ್ತಾಳೆ. ಅಲ್ಲೂ ಬಲಗೈಗೆ ಬಿಡುವಿಲ್ಲ. ಹತ್ತಿಯಂಗಿಯೊಳಗೆ ಕೈಯಿಟ್ಟು ಒಂದು ನಶ್ಯದ ಬುಡ್ಡಿಯನ್ನು ಉಜ್ಜುತ್ತಲೇ ಇರುತ್ತಾಳೆ.

ಬುಡ್ಡಿ ಅವಳ ಗಂಡ ಗ್ವಾನ್ ಬೊಯೆನ್‌ನದು. ತೋರುಬೆರಳಿನಷ್ಟು ಎತ್ತರದ ಬಿಳಿ ಜೇಡ್ ಕಲ್ಲು. ಅದರ ಮೇಲಿನ ಕಂದು ಸಿಪ್ಪೆಯನ್ನು ಒಂದು ಕಡೆ ಉಳಿಸಿಕೊಂಡು, ಅರಸರ ಕಾಲದ ಯಾರೋ ಕೆತ್ತನೆಗಾರ ಅದರಲ್ಲೇ ನವಣೆ ತೆನೆಯ ಕೆಳಗೆ ಎರಡು ಲಾವಕ್ಕಿ ಕೂರಿಸಿದ್ದಾನೆ. ಇಂಥ ಕಲ್ಲನ್ನು ಪೆಟ್ಟಿಗೆಯಲ್ಲಿಟ್ಟರೆ ಮಂಕಾಗುತ್ತದೆ. ಮೈಬಿಸಿ, ಬೆವರು ತಾಗಿ ತಾಗಿ ಅದಕ್ಕೆ ಕುರಿಕೊಬ್ಬಿನ ಹೊಳಪು ಬರಬೇಕು. ನಮ್ಮ ಬೀಜಿಂಗ್‌ನ ಸಂಗ್ರಹಗಾರರು ಇದಕ್ಕೆ ಕಲ್ಲು ಸಾಕುವುದು ಎನ್ನುತ್ತಾರೆ. ಸಾಕುವವರು ಯಾರು ಎಂದು ಮಾತ್ರ ಕೇಳುವುದಿಲ್ಲ.

ಗ್ವಾನ್‌ನ ಅಂಗೈ ಒಣಕಲು. ಹಾಗಾಗಿ ಹನ್ನೊಂದು ವರ್ಷದ ಹಿಂದೆ ಬುಡ್ಡಿಯನ್ನು ಬಟ್ಟೆಚೀಲಕ್ಕೆ ಹಾಕಿ ಹೆಂಡತಿಯ ಕೊರಳಿಗೆ ಕಟ್ಟಿದ. ಅವಳು ಕಾಲುಚೀಲದ ಕಾರ್ಖಾನೆಯಲ್ಲಿ ಎಂಟು ಗಂಟೆ ನಿಂತಾಗಲೂ, ರಾತ್ರಿ ಮಲಗಿದಾಗಲೂ ಅದು ಅಲ್ಲೇ. ಕೈಗೆ ಜಿಡ್ಡು ಹಚ್ಚುವಂತಿಲ್ಲ, ಕಲ್ಲು ಕುಡಿದುಬಿಡುತ್ತದಂತೆ. ಎದುರು ಮನೆಯವಳಾದ ನಾನು ಒಮ್ಮೆ ಮುಲಾಮು ಕೊಡಹೋದೆ.

"ಬೇಡ ಕಣೇ. ಅವನಿಗೆ ವಾಸನೆ ಗೊತ್ತಾಗುತ್ತೆ."

"ಕೈ ಬಿರಿದು ರಕ್ತ ಬರ್ತಿದೆಯಲ್ಲ ಅಕ್ಕ, ಅದನ್ನ ಕಲ್ಲು ಕುಡಿಯಲ್ವಾ?"

"ಕುಡೀಲಿ ಬಿಡು. ಕಂದು ಬಣ್ಣ ಚೆನ್ನಾಗಿ ಏರಿದೆ ಅಂದ್ಕೊಳ್ತಾನೆ."

ಕಳೆದ ಭಾನುವಾರ ಗ್ವಾನ್‌ನ ಗೆಳೆಯರು ಊಟಕ್ಕೆ ಬಂದರು. ಕಡುಬು ಮಡಚಲು ನಾನೂ ಹೋಗಿದ್ದೆ. ಮೂವತ್ತು ಬುಡ್ಡಿಗಳ ಒಡೆಯ ನಿಂಗ್ ಪೆಯ್‌ಲಿನ್ ರೇಷ್ಮೆ ಪೆಟ್ಟಿಗೆಯಲ್ಲಿ ಮೂರು ಬುಡ್ಡಿ ತಂದಿದ್ದ. ಗ್ವಾನ್ ಹೆಂಡತಿಯತ್ತ ಕೈಚಾಚಿದ. ಶೂಚಿನ್ ಬೆರಳಿನ ಹಿಟ್ಟು ಒರೆಸಿಕೊಂಡು, ಗೋಡೆಗೆ ತಿರುಗಿ ತನ್ನ ಬುಡ್ಡಿ ತೆಗೆದುಕೊಟ್ಟಳು. ನಿಂಗ್ ಅದನ್ನು ಕೆನ್ನೆಗೆ ಒತ್ತಿಕೊಂಡ.

"ಯಾರು ಸಾಕಿದ್ದು ಇದನ್ನ?"

"ನಾನೇ. ಹನ್ನೊಂದು ವರ್ಷ," ಎಂದ ಗ್ವಾನ್.

"ಬುಡ್ಡಿ ಬೆಚ್ಚಗಿದೆ, ನಿನ್ನ ಕೈ ತಣ್ಣಗಿದೆಯಲ್ಲೋ." ಎಲ್ಲರೂ ನಕ್ಕರು. "ಹಿಂದೆ ಸಾಹುಕಾರರು ಇದಕ್ಕಂತಲೇ ದಾಸಿಯರನ್ನ ಇಟ್ಕೋತಿದ್ರಂತೆ. ಏನತ್ತಿಗೆ, ಇವನು ಸಂಬಳ ಕೊಡ್ತಾನಾ?"

"ದಾಸೀರು ನಿದ್ದೆ ಮಾಡುವಾಗ ಕಲ್ಲು ಬಿಚ್ಚಿಡ್ತಿದ್ರೋ ಏನೋ," ಎಂದು ಶೂಚಿನ್ ಕುದಿಯುವ ನೀರಿಗೆ ಕಡುಬು ಬಿಟ್ಟಳು.

ಅದಕ್ಕೂ ನಕ್ಕರು. ನಗು ಮುಗಿಯುವಷ್ಟರಲ್ಲಿ ವ್ಯವಹಾರವೂ ಮುಗಿದಿತ್ತು. ಲಾವಕ್ಕಿಯ ಬುಡ್ಡಿ ನಿಂಗ್‌ಗೆ, ಬದಲಿಗೆ ಅವನ ಮೂರು ಬುಡ್ಡಿ ಗ್ವಾನ್‌ಗೆ. ಮೂರೂ ಗೋರಿಯಿಂದ ತೆಗೆದವು, ಸತ್ತ ಮೀನಿನ ಕಣ್ಣಿನಂತಿದ್ದವು. ಗ್ವಾನ್ ಅವನ್ನು ಹೆಂಡತಿಯತ್ತ ತಳ್ಳಿದ.

"ನಾಳೆಯಿಂದ ಇವು. ಒಂದಕ್ಕೊಂದು ತಾಗದ ಹಾಗೆ ಹತ್ತಿ ಸುತ್ಕೋ. ನಿಂಗ್‌ದನ್ನ ಅವನ ಪೆಟ್ಟಿಗೇಲಿ ಕಟ್ಟಿಡು."

"ಒಂದಕ್ಕೇ ಹನ್ನೊಂದು ವರ್ಷ ಹಿಡೀತು ಗ್ವಾನ್. ನನಗೀಗ ಐವತ್ತಾರು."

"ನಿನ್ನ ಮೈಬಿಸಿ ಇನ್ನೂ ಚೆನ್ನಾಗಿದೆ ಬಿಡು."

ನನ್ನ ಕೈಯಲ್ಲಿದ್ದ ಕಡುಬು ಅಲ್ಲೇ ಹಿಚುಕಿ ಹೋಯಿತು. ಒಲೆಯನ್ನು ಹೊಗಳುವ ಹಾಗೆ ಹೆಂಡತಿಯನ್ನು ಹೊಗಳುತ್ತಾನೆ, ಒಲೆಗಾದರೂ ದಿನಕ್ಕೊಮ್ಮೆ ಬೂದಿ ತೆಗೆಯುವವರಿದ್ದಾರೆ. ಹನ್ನೊಂದು ವರ್ಷ ಅವಳ ಎದೆಯ ಮೇಲೆ ಮಲಗಿದ್ದನ್ನು ಕೊಟ್ಟುಬಿಡುವಾಗ ಅವನು ಅವಳ ಮುಖ ಕೂಡ ನೋಡಲಿಲ್ಲ.

ಉಂಡ ಮೇಲೆ ಗಂಡಸರು ಪಕ್ಕದ ಮನೆಯ ಪಾರಿವಾಳ ನೋಡಲು ಹೋದರು. ನಾನು ತಟ್ಟೆಗಳನ್ನು ನಲ್ಲಿಗೆ ಒಯ್ದೆ. ಅಲ್ಲಿಂದ ಕಿಟಕಿಯಲ್ಲಿ ಶೂಚಿನ್ ಕಾಣುತ್ತಿದ್ದಳು. ನಾಲ್ಕು ಬುಡ್ಡಿಗಳ ಮುಂದೆ ನಿಂತಿದ್ದಳು. ಆಮೇಲೆ ಮಂಕು ಬುಡ್ಡಿಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ, ಮೂರನ್ನೂ ನಿಂಗ್‌ನ ಪೆಟ್ಟಿಗೆಯಲ್ಲೇ ಇಟ್ಟಳು. ಲಾವಕ್ಕಿಯದನ್ನು ಬಟ್ಟೆಚೀಲಕ್ಕೆ ಇಳಿಸಿ, ಕೊರಳಿಗೆ ಹಾಕಿಕೊಂಡು, ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿದಳು.

ಓಣಿಯಲ್ಲಿ ಗಂಡಸರ ಮಾತು ಹತ್ತಿರವಾಯಿತು. ಅವಳು ಪೆಟ್ಟಿಗೆಯನ್ನು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟಳು. ಮುಚ್ಚಳ ಮುಚ್ಚಲಿಲ್ಲ.